ನೀರಿನ ಕೂಲರ್ ಇದ್ದರೂ ಗಾಳಿ ಏಕೆ ಬೇಕು?

ಬೇಸಿಗೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಲಿಕ್ವಿಡ್ ಕೂಲರ್ (ದ್ರವ ಹರಿಸಿ ಪ್ರೊಸೆಸರನ್ನು ತಣಿಸುವ ಸಾಧನ) ಕುರಿತೇ ಇವೆ. ಹಾಗಾಗಿ ಈ ಸಲದ ಉತ್ತರಗಳೆಲ್ಲ ಅದಕ್ಕೇ ಮೀಸಲು.

ಪತ್ರಗಳಿಗೆ ಹೋಗುವ ಮೊದಲು ಅದರೊಳಗೆ ನಡೆಯುವುದೇನು ಎಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪ್ರೊಸೆಸರ್ ಮೇಲೆ ತಾಮ್ರದ ಬಿಲ್ಲೆಯೊಂದು ಕೂತಿರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಅದರ ಬೆನ್ನಿಗೇ ಪಂಪು ಇರುತ್ತದೆ. ಬಿಲ್ಲೆಯ ಶಾಖ ಹೀರಿಕೊಂಡ ದ್ರವ ಕೊಳವೆಯಲ್ಲಿ ಹೊರಟು ರೇಡಿಯೇಟರಿಗೆ (ತೆಳು ನಾಳಗಳೂ ಅವುಗಳ ನಡುವೆ ಲೋಹದ ತಗಡಿನ ಮಡಿಕೆಗಳೂ ಇರುವ ಚೌಕಟ್ಟು) ಬರುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ಇನ್ನೊಂದು ಕೊಳವೆಯಲ್ಲಿ ಹಿಂದಿರುಗುತ್ತದೆ. ಅಂದರೆ ನೀರಿನ ಕೆಲಸ ಶಾಖವನ್ನು ಹೊತ್ತು ತರುವುದಷ್ಟೇ. ಅದನ್ನು ಹೊರಗೆ ಹಾಕುವುದು ಗಾಳಿಯೇ. ಅಂಗಡಿಯಲ್ಲಿ ಈ ಎರಡನೆಯ ಅರ್ಧವನ್ನು ಯಾರೂ ಹೇಳಿಕೊಡುವುದಿಲ್ಲ. ಇಲ್ಲಿರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಅಲ್ಲೇ.

ಪ್ರಶ್ನೆ: ಮಗ ಅನಿಮೇಷನ್ ಕಲಿಯುತ್ತಿದ್ದಾನೆ. ಸಾಲ ಮಾಡಿ ಕಂಪ್ಯೂಟರ್ ಕೊಡಿಸಿದೆ. 360 ಮಿ.ಮೀ. ಲಿಕ್ವಿಡ್ ಕೂಲರ್, ಒಟ್ಟು ಏಳು ಫ್ಯಾನು, ಎರಡು ಬದಿ ಗಾಜು. ಏಪ್ರಿಲ್‌ನಿಂದ ಪ್ರೊಸೆಸರ್ 92, 95 ಡಿಗ್ರಿ ತೋರಿಸುತ್ತಿದೆ. ಗೇಮ್ ಆಡುವಾಗ ಗಾಜು ಮುಟ್ಟಿದರೆ ಬಿಸಿ ತಾಗುತ್ತದೆ. ರೇಡಿಯೇಟರ್ ಮೇಲೆಯೇ ಇರಬೇಕು ಅಂತ ಅಂಗಡಿಯವರು, ಪಕ್ಕದಲ್ಲಿ ಇರಬೇಕು ಅಂತ ಮಗನ ಗೆಳೆಯರು. ಏರ್ ಕೂಲರ್ ಎದುರಿಗೆ ಇಡೋಣವೇ? ಸುಟ್ಟುಹೋದೀತು ಅನ್ನುವ ಹೆದರಿಕೆ. ಫೋಟೋ ಇಟ್ಟಿದ್ದೇನೆ.
— ಹೆಸರು ಬೇಡ, ಕಲಬುರಗಿ

ಉತ್ತರ: ಸಾಲದ ದುಡ್ಡಿನಲ್ಲಿ ತಂದ ವಸ್ತು ಕಣ್ಣೆದುರೇ 95 ಡಿಗ್ರಿ ತೋರಿಸಿದರೆ ಹೆತ್ತವರ ಎದೆ ಧಸಕ್ಕೆನ್ನುವುದು ಸಹಜ. ಮೊದಲು ಆ ಭಯಕ್ಕೆ ಉತ್ತರ ಹೇಳುತ್ತೇನೆ. ಪ್ರೊಸೆಸರ್ ಸುಟ್ಟುಹೋಗುವುದಿಲ್ಲ. ಮಿತಿ ತಲುಪಿದ ಕೂಡಲೇ ಅದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರೇ ಆಫ್ ಆಗುತ್ತದೆ. 2022ರಲ್ಲಿ ಬಂದ ಎಎಂಡಿ ರೈಜನ್ 7000 ಸರಣಿಯಲ್ಲಿ ಈ ಮಿತಿ 95 ಡಿಗ್ರಿ. ಪೂರ್ತಿ ಕೆಲಸ ಕೊಟ್ಟಾಗ ಅಲ್ಲಿಯವರೆಗೆ ಏರಿ ನಿಲ್ಲುವಂತೆಯೇ ಅದನ್ನು ರೂಪಿಸಿದ್ದಾರೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳಲ್ಲಿ ಮಿತಿ 100 ಡಿಗ್ರಿ. ಆದ್ದರಿಂದ ರಾತ್ರಿ ನೆಮ್ಮದಿಯಾಗಿ ಮಲಗಿ.

ಹಾಗಂತ ಇದ್ದ ಹಾಗೇ ಬಿಡುವುದೂ ಬೇಡ. ವೇಗ ಇಳಿಸಿಕೊಂಡು ಓಡುವ ಯಂತ್ರದಲ್ಲಿ ಮಗನ ಕೆಲಸ ನಿಧಾನವಾಗುತ್ತದೆ, ಫ್ಯಾನುಗಳ ಗದ್ದಲ ಬೇರೆ. ನೀವು ಕಳಿಸಿದ ಫೋಟೋದಲ್ಲಿ ಕಾರಣ ಕಾಣುತ್ತಿದೆ. ಗಾಜಿನಾಚೆಯಿಂದ ನೋಡಿದರೆ ಪಕ್ಕದ ಮೂರು ಫ್ಯಾನುಗಳ ಅಲಗುಗಳು (ತಿರುಗುವ ಎಲೆಗಳು) ಬಿಚ್ಚುಮೊಗದಲ್ಲಿ, ಬಣ್ಣದ ದೀಪ ಸಮೇತ ನಮ್ಮ ಕಡೆಗೇ ಇವೆ. ನೋಡಲು ಚೆಂದ. ತೊಂದರೆಯೂ ಆ ಚೆಂದದಲ್ಲೇ ಇದೆ.

ಸಾಮಾನ್ಯ ಫ್ಯಾನಿಗೆ ಎರಡು ಮುಖ. ಒಂದು ಕಡೆ ಅಲಗುಗಳು ಅಡ್ಡಿಯಿಲ್ಲದೆ ಕಾಣುತ್ತವೆ. ಇನ್ನೊಂದು ಕಡೆ ಮೋಟಾರನ್ನು ಹಿಡಿದ ಮೂರು ನಾಲ್ಕು ಅಡ್ಡಪಟ್ಟಿಗಳು ಇರುತ್ತವೆ. ಗಾಳಿ ಒಳಹೋಗುವುದು ಅಲಗು ಕಾಣುವ ಕಡೆಯಿಂದ, ಹೊರಬರುವುದು ಅಡ್ಡಪಟ್ಟಿಯ ಕಡೆಯಿಂದ. ನಿಮ್ಮ ಪಕ್ಕದ ಫ್ಯಾನುಗಳ ಅಲಗುಗಳು ಒಳಮುಖವಾಗಿ ಇರುವುದರಿಂದ ಅವು ಕ್ಯಾಬಿನೆಟ್ಟಿನ ಗಾಳಿಯನ್ನು ಹೊರಗೆ ನೂಕುತ್ತಿವೆ. ಮೇಲಿನ ರೇಡಿಯೇಟರಿನ ಮೂರೂ ಹೊರಗೆ, ಹಿಂದಿನದೂ ಹೊರಗೆ. ಏಳಕ್ಕೆ ಏಳೂ ಹೊರಕ್ಕೇ ತಳ್ಳುತ್ತಿವೆ, ಒಳಕ್ಕೆ ತರುವುದು ಒಂದೂ ಇಲ್ಲ. ಕಿಟಕಿ ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಒಗ್ಗರಣೆಯ ಘಾಟು ಹೋಗುವುದಿಲ್ಲವಲ್ಲ, ಹಾಗಾಗಿದೆ.

ನಾನು ಹೇಳಿದ್ದನ್ನು ನಂಬಬೇಡಿ, ನೀವೇ ನೋಡಿ. ಕಂಪ್ಯೂಟರ್ ಆನ್ ಮಾಡಿ, ಒಂದು ಊದಿನಕಡ್ಡಿ ಹಚ್ಚಿ, ಪ್ರತಿ ಫ್ಯಾನಿನ ಜಾಲರಿಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿಯಿರಿ. ಹೊಗೆ ಜಾಲರಿಯತ್ತ ಬಾಗಿದರೆ ಆ ಫ್ಯಾನ್ ಒಳಗೆ ಎಳೆಯುತ್ತಿದೆ, ದೂರಕ್ಕೆ ಚದುರಿದರೆ ಹೊರಗೆ ತಳ್ಳುತ್ತಿದೆ. ಬೂದಿ ಒಳಗೆ ಬೀಳದಂತೆ ಕಡ್ಡಿಯನ್ನು ಪಕ್ಕಕ್ಕೆ ಓರೆಯಾಗಿ ಹಿಡಿಯಿರಿ, ಅಷ್ಟೇ. ಊದಿನಕಡ್ಡಿ ಬೇಡವೆನಿಸಿದರೆ ತೆಳು ಟಿಶ್ಯೂ ಕಾಗದದ ಚೂರು ಸಾಕು.

ಇನ್ನು ಮಾಡಬೇಕಾದದ್ದು. ಪಕ್ಕದ ಮೂರು ಫ್ಯಾನುಗಳನ್ನು ಬಿಚ್ಚಿ ತಿರುಗಿಸಿ ಕೂಡಿಸಲು ಹೇಳಿ, ಅವು ಹೊರಗಿನ ಗಾಳಿಯನ್ನು ಒಳಗೆ ತರಲಿ. ಆಗ ಗಾಜಿನಿಂದ ಅಡ್ಡಪಟ್ಟಿಗಳು ಕಾಣುತ್ತವೆ, ಮಗ ಮುಖ ಸಿಂಡರಿಸಬಹುದು. ಅವನಿಗೊಂದು ಸಮಾಧಾನ ಇದೆ. ಈಚೆಗೆ ರಿವರ್ಸ್ ಫ್ಯಾನ್ (ಅಲಗುಗಳ ವಾರೆಯನ್ನು ತಿರುವುಮುರುವು ಮಾಡಿ, ಅಲಗು ಕಾಣುವ ಕಡೆಯಿಂದಲೇ ಗಾಳಿ ಬಿಡುವ ಫ್ಯಾನ್) ಇಂಥ ಕ್ಯಾಬಿನೆಟ್ಟಿಗೆಂದೇ ಬರುತ್ತಿದೆ. ಈಗಿರುವುದು ರಿವರ್ಸ್ ಫ್ಯಾನೇ ಆಗಿದ್ದರೆ ನನ್ನ ಲೆಕ್ಕವೂ ತಿರುವುಮುರುವಾಗುತ್ತದೆ. ಆದ್ದರಿಂದಲೇ ಊದಿನಕಡ್ಡಿ ಹಚ್ಚಿ ಎಂದದ್ದು.

ರೇಡಿಯೇಟರ್ ಎಲ್ಲಿರಬೇಕು ಎಂಬ ಜಗಳದಲ್ಲಿ ಎರಡೂ ಕಡೆಯವರ ಮಾತಿಗೆ ಅರ್ಥವಿದೆ. ಪಕ್ಕದಲ್ಲಿಟ್ಟು ಹೊರಗಿನ ಗಾಳಿಯನ್ನು ಅದರ ಮೂಲಕ ಒಳಗೆ ಎಳೆದರೆ ಪ್ರೊಸೆಸರಿಗೆ ತಾಜಾ ಗಾಳಿಯ ಲಾಭ, ಆದರೆ ರೇಡಿಯೇಟರ್ ದಾಟಿ ಬಂದ ಬೆಚ್ಚನೆಯ ಗಾಳಿ ಗ್ರಾಫಿಕ್ಸ್ ಕಾರ್ಡಿನ ಪಾಲಾಗುತ್ತದೆ. ಮೇಲಿಟ್ಟು ಹೊರಗೆ ತಳ್ಳಿದರೆ ಗ್ರಾಫಿಕ್ಸ್ ಕಾರ್ಡಿಗೆ ತಾಜಾ ಗಾಳಿ, ಪ್ರೊಸೆಸರಿಗೆ ಅದು ಬಿಸಿ ಮಾಡಿ ಬಿಟ್ಟ ಗಾಳಿ. ಹಾಗಾದರೆ ಕೇಳಬೇಕಾದ ಪ್ರಶ್ನೆ, ಮನೆಯಲ್ಲಿ ಹೆಚ್ಚು ಬಿಸಿಯಾಗುವವರು ಯಾರು? ಗೇಮ್ ಆಡುವಾಗ ದೊಡ್ಡ ಗ್ರಾಫಿಕ್ಸ್ ಕಾರ್ಡು 200ರಿಂದ 300 ವ್ಯಾಟ್ ನುಂಗುತ್ತದೆ, ಪ್ರೊಸೆಸರ್ ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸು. ನಿಮ್ಮ ಮಗ ಗೇಮನ್ನೂ ಆಡುತ್ತಾನೆ, ಅನಿಮೇಷನ್ ರೆಂಡರಿಂಗಿಗೂ (ದೃಶ್ಯಗಳನ್ನು ಲೆಕ್ಕಹಾಕಿ ಚಿತ್ರವಾಗಿಸುವ ಕೆಲಸ) ಇಂದು ಗ್ರಾಫಿಕ್ಸ್ ಕಾರ್ಡೇ ಹೆಚ್ಚಾಗಿ ದುಡಿಯುತ್ತದೆ. ಹಾಗಾಗಿ ನನ್ನ ಮತ ಅಂಗಡಿಯವರ ಕಡೆಗೆ. ರೇಡಿಯೇಟರ್ ಮೇಲೆಯೇ ಇರಲಿ. ಪ್ರೊಸೆಸರ್ ಒಂದರಿಂದಲೇ ದಿನವಿಡೀ ಕೆಲಸ ತೆಗೆಯುವವರು, ಚಿಕ್ಕ ಗ್ರಾಫಿಕ್ಸ್ ಕಾರ್ಡ್ ಇರುವವರು ಗೆಳೆಯರ ಮಾತು ಕೇಳಬಹುದು. ಎರಡರ ನಡುವಿನ ವ್ಯತ್ಯಾಸ ಹೆಚ್ಚಾಗಿ ಕೆಲವು ಡಿಗ್ರಿಗಳಷ್ಟೇ. ಅದಕ್ಕಾಗಿ ಗೆಳೆತನ ಕೆಡಿಸಿಕೊಳ್ಳಬೇಕಿಲ್ಲ.

ನಿಮ್ಮ ಊರಿನ ಬಿಸಿಲಿನ ಮಾತನ್ನೂ ಆಡಬೇಕು. ಯಾವ ರೇಡಿಯೇಟರೂ ದ್ರವವನ್ನು ಕೋಣೆಗಿಂತ ತಂಪಾಗಿಸಲಾರದು. ಭಾರವಾದ ಕೆಲಸದಲ್ಲಿ ಅದು ಕೋಣೆಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚೇ ಇರುತ್ತದೆ. ಮೇ ತಿಂಗಳ ಮಧ್ಯಾಹ್ನ ಕೋಣೆಯೇ 42 ಡಿಗ್ರಿ ಇದ್ದರೆ ದ್ರವ 57ಕ್ಕೆ ಬಂತು. ಬಹಳಷ್ಟು ತಯಾರಕರು ದ್ರವ ಸುಮಾರು 60 ಡಿಗ್ರಿ ದಾಟಬಾರದು ಎನ್ನುತ್ತಾರೆ. ಅಂದರೆ ಬೆಂಗಳೂರಿನವರಿಗೆ ಇರುವಷ್ಟು ಸಲಿಗೆ ನಿಮಗಿಲ್ಲ. ದೊಡ್ಡ ರೆಂಡರಿಂಗ್ ಇದ್ದರೆ ರಾತ್ರಿಗೆ ಹಚ್ಚಿ ಬಿಡಲು ಹೇಳಿ.

ಏರ್ ಕೂಲರನ್ನು ನೇರವಾಗಿ ಕ್ಯಾಬಿನೆಟ್ಟಿಗೆ ತಿರುಗಿಸಬೇಡಿ. ಅದರ ಗಾಳಿಯಲ್ಲಿ ಸಣ್ಣ ಹನಿಗಳೂ ಇರುತ್ತವೆ. ಬೋರಿನ ಗಡಸು ನೀರಾದರೆ ಹನಿ ಆರಿದ ಕಡೆಯೆಲ್ಲ ಬಿಳಿ ಉಪ್ಪು ಕೂರುತ್ತದೆ. ಕೂಲರ್ ಕೋಣೆಯ ಇನ್ನೊಂದು ಮೂಲೆಯಲ್ಲಿದ್ದು, ಒಂದು ಕಿಟಕಿ ತೆರೆದಿರಲಿ. ಕೋಣೆ ತಂಪಾದರೆ ಕಂಪ್ಯೂಟರಿಗೂ ಅದರ ಪಾಲು ಸಿಗುತ್ತದೆ. ಕೊನೆಗೆ, ಫೋಟೋದಲ್ಲಿ ಕ್ಯಾಬಿನೆಟ್ ಕಂಪ್ಯೂಟರ್ ಟೇಬಲ್ಲಿನ ಖಾನೆಯೊಳಗಿದೆ, ಬೆನ್ನು ಗೋಡೆಗೆ ಅಂಟಿದೆ. ಅದನ್ನು ಹೊರಗೆ ತೆಗೆದು, ಹಿಂದೆ ಮತ್ತು ಮೇಲೆ ಒಂದು ಗೇಣು ಜಾಗ ಬಿಡಿ. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ, ಮೊದಲು ಇದನ್ನೇ ಮಾಡಿ.

ಪ್ರಶ್ನೆ: ವಿದ್ಯುತ್ ಇರುವ ಪೆಟ್ಟಿಗೆಯಲ್ಲಿ ನೀರು! ಮಗಳು ಏನೂ ಆಗುವುದಿಲ್ಲ ಎನ್ನುತ್ತಾಳೆ. ಸೋರಿದರೆ ಶಾಕ್ ಹೊಡೆಯುವುದಿಲ್ಲವೇ? ಮಳೆಗಾಲದಲ್ಲಿ ಇಲ್ಲಿ ಗೋಡೆಯೇ ಬೆವರುತ್ತದೆ. ತಣ್ಣಗಿನ ಕೊಳವೆಯ ಮೇಲೆ ಹನಿ ಕಟ್ಟಿ ಒಳಗೆ ಬಿದ್ದರೆ?
— ಒಬ್ಬ ಗೃಹಿಣಿ, ಮಂಗಳೂರು

ಉತ್ತರ: ನೀರು ಮತ್ತು ಕರೆಂಟು ಹತ್ತಿರ ಬರಬಾರದು ಎಂದು ಹಿರಿಯರು ಕಲಿಸಿದ್ದು ಸರಿಯಾಗಿಯೇ ಇದೆ, ನಿಮ್ಮ ಅಂಜಿಕೆಯೂ ಸರಿಯಾದದ್ದೇ. ಆದರೆ ಮನೆಯ 230 ವೋಲ್ಟು ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಲೋಹದ ಪೆಟ್ಟಿಗೆ) ಒಳಗೇ ಮುಗಿಯುತ್ತದೆ. ಅಲ್ಲಿಂದಾಚೆ ಹರಿಯುವುದು 12 ವೋಲ್ಟು ಮತ್ತು ಅದಕ್ಕಿಂತ ಕಡಿಮೆ. ಸೋರಿಕೆಯಿಂದ ಮದರ್‌ಬೋರ್ಡಿಗೆ ಪೆಟ್ಟು ಬೀಳಬಹುದು, ಮಗಳಿಗೆ ಶಾಕ್ ಹೊಡೆಯುವ ಸಂಭವ ಬಹಳ ಕಡಿಮೆ. ಪ್ಲಗ್ ಪಾಯಿಂಟಿನಲ್ಲಿ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ. ಅದು ಕಂಪ್ಯೂಟರ್ ಇಲ್ಲದ ಮನೆಯಲ್ಲೂ ಬೇಕಾದ ಕೆಲಸ.

ಹನಿ ಕಟ್ಟುವ ಮಾತಿಗೆ ಬರೋಣ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದು ಅದು ಸುತ್ತಲಿನ ಗಾಳಿಗಿಂತ ತಣ್ಣಗಿರುವುದರಿಂದ. ಈ ಕೂಲರಿನ ದ್ರವ, ಮೇಲೆ ಹೇಳಿದಂತೆ, ಕೋಣೆಗಿಂತ ಯಾವಾಗಲೂ ಬೆಚ್ಚಗೇ ಇರುತ್ತದೆ. ಓಡುತ್ತಿರುವ ಕಂಪ್ಯೂಟರಿನ ಕೊಳವೆ ಮುಟ್ಟಿ ನೋಡಿ, ಕೈಗೆ ಬೆಚ್ಚಗೆ ತಾಗುತ್ತದೆ. ಅದರ ಮೇಲೆ ಹನಿ ಕಟ್ಟುವುದಿಲ್ಲ. ಎಚ್ಚರ ಬೇಕಾದದ್ದು ಇನ್ನೊಂದು ಸಂದರ್ಭದಲ್ಲಿ. ಎಸಿ ಹಾಕಿದ ಕೋಣೆಯಲ್ಲಿ ರಾತ್ರಿಯಿಡೀ ಆಫ್ ಆಗಿದ್ದು ತಣ್ಣಗಾದ ಕಂಪ್ಯೂಟರಿನ ಮೇಲೆ, ಬೆಳಿಗ್ಗೆ ಕಿಟಕಿ ತೆರೆದ ಕೂಡಲೇ ಜುಲೈನ ತೇವದ ಗಾಳಿ ಬಿದ್ದರೆ ತುಸು ಪಸೆ ಕೂರಬಹುದು. ಕಿಟಕಿ ತೆರೆದು ಅರ್ಧ ಗಂಟೆ ಬಿಟ್ಟು ಆನ್ ಮಾಡಿದರೆ ಸಾಕು.

ಸೋರಿಕೆ ಅಪರೂಪ, ಆದರೆ ಆಗುವುದೇ ಇಲ್ಲ ಎಂದು ನಾನು ಹೇಳಲಾರೆ. ಎರಡು ಮೂರು ತಿಂಗಳಿಗೊಮ್ಮೆ ಟಾರ್ಚ್ ಬಿಟ್ಟು, ಕೊಳವೆ ಪಂಪಿಗೆ ಸೇರುವಲ್ಲಿ ಮತ್ತು ರೇಡಿಯೇಟರಿಗೆ ಸೇರುವಲ್ಲಿ ಅಂಟು ಕಲೆ, ಪಸೆ ಇದೆಯೇ ನೋಡಲು ಮಗಳಿಗೆ ಹೇಳಿ. ಕಂಡರೆ ಮೊದಲು ಗೋಡೆಯ ಸ್ವಿಚ್ ಆಫ್, ಆಮೇಲೆ ಉಳಿದ ಮಾತು. ಒರೆಸಿ ಮತ್ತೆ ಆನ್ ಮಾಡಿ ನೋಡುವ ಸಾಹಸ ಬೇಡ. ಒಳಗಿರುವುದು ಬರೀ ನೀರಲ್ಲ, ತುಕ್ಕು ತಡೆಯುವ ರಾಸಾಯನಿಕಗಳೂ ಹೆಚ್ಚಾಗಿ ಗ್ಲೈಕಾಲೂ (ದ್ರವ ಹೆಪ್ಪುಗಟ್ಟದಂತೆ ಬೆರೆಸುವ ವಸ್ತು) ಇರುತ್ತವೆ. ಕೆಲವು ಬಗೆಯ ಗ್ಲೈಕಾಲ್ ವಿಷ. ಮಕ್ಕಳು, ಬೆಕ್ಕು ನಾಯಿ ಅದನ್ನು ಮುಟ್ಟದಂತೆ ನೋಡಿಕೊಳ್ಳಿ.

ಪ್ರಶ್ನೆ: ಮದುವೆ ವಿಡಿಯೋ, ಆಲ್ಬಂ ಮಾಡುವ ಸ್ಟುಡಿಯೋ ನಮ್ಮದು. ಪ್ರೊಸೆಸರ್ ಮೇಲಿದ್ದ ಹಳೆಯ ದೊಡ್ಡ ಫ್ಯಾನ್ ಕೂಲರ್ ತೆಗೆಸಿ 240 ಮಿ.ಮೀ. ಲಿಕ್ವಿಡ್ ಕೂಲರ್ ಹಾಕಿಸಿದೆ, ಮುಂಭಾಗದಲ್ಲಿ. ಹಿಂದಿನ ಫ್ಯಾನ್ ಕೆಟ್ಟಿತ್ತು, ಇನ್ನೇಕೆ ಅಂತ ತೆಗೆಸಿಬಿಟ್ಟೆ. ಈಗ ಪ್ರೊಸೆಸರ್ 65 ಡಿಗ್ರಿ ದಾಟುವುದಿಲ್ಲ. ಆದರೆ ವಿಡಿಯೋ ಎಕ್ಸ್‌ಪೋರ್ಟ್ ಅರ್ಧಕ್ಕೆ ಬಂದ ಮೇಲೆ ಕುಂಟುತ್ತದೆ. ದುಡ್ಡು ದಂಡವಾಯಿತೇ?
— ಸ್ಟುಡಿಯೋ ಮಾಲೀಕರು, ದಾವಣಗೆರೆ

ಉತ್ತರ: ದುಡ್ಡು ದಂಡವಾಗಿಲ್ಲ. ನಿಮ್ಮ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ, 65 ಡಿಗ್ರಿಯೇ ಅದಕ್ಕೆ ಸಾಕ್ಷಿ. ಪ್ರೊಸೆಸರ್ ತಣ್ಣಗಿದ್ದೂ ಕೆಲಸ ಕುಂಟುವುದನ್ನು ಕಂಡರೆ ತಲೆ ಕೆಡುವುದು ನಿಜ. ಅನೇಕರು ಇದೇ ಹಂತದಲ್ಲಿ ಮದರ್‌ಬೋರ್ಡನ್ನೇ ಬದಲಿಸಲು ಹೊರಡುತ್ತಾರೆ. ತುಸು ತಾಳಿ.

ಹಳೆಯ ಫ್ಯಾನ್ ಕೂಲರ್ ಪ್ರೊಸೆಸರ್ ಜೊತೆಗೆ ಇನ್ನೊಂದು ಉಪಕಾರವನ್ನು ಸದ್ದಿಲ್ಲದೆ ಮಾಡುತ್ತಿತ್ತು. ಅದರ ಗಾಳಿ ಅಕ್ಕಪಕ್ಕದ ವಿಆರ್‌ಎಂ (12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಸುಮಾರು ಒಂದು ವೋಲ್ಟಿನ ಮಟ್ಟಕ್ಕೆ ಇಳಿಸುವ ಭಾಗ), ಮೆಮೊರಿ, ಎಸ್‌ಎಸ್‌ಡಿ ಇವುಗಳ ಮೇಲೂ ಬೀಸುತ್ತಿತ್ತು. ಲಿಕ್ವಿಡ್ ಕೂಲರ್ ಬಂದ ಮೇಲೆ ಪ್ರೊಸೆಸರ್ ಮೇಲೆ ಬರೀ ಬಿಲ್ಲೆ ಉಳಿಯಿತು, ಪಕ್ಕದವರಿಗೆ ಗಾಳಿ ನಿಂತಿತು. ವಿಆರ್‌ಎಂಗೆ ಅತಿ ಹತ್ತಿರ ಇರುವುದು ಹಿಂದಿನ ಫ್ಯಾನ್, ಅದನ್ನೂ ತೆಗೆಸಿದ್ದೀರಿ. ವಿಆರ್‌ಎಂ ಕಾದರೆ ಮದರ್‌ಬೋರ್ಡು ಪ್ರೊಸೆಸರಿಗೆ ಕೊಡುವ ವಿದ್ಯುತ್ತನ್ನು ಕಡಿಮೆ ಮಾಡುತ್ತದೆ. ಪ್ರೊಸೆಸರ್ ತಣ್ಣಗೇ ಇದ್ದು ನಿಧಾನವಾಗುತ್ತದೆ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಟೇಬಲ್ ಫ್ಯಾನನ್ನು ಮದರ್‌ಬೋರ್ಡಿನ ಕಡೆ ತಿರುಗಿಸಿ, ಅದೇ ವಿಡಿಯೋವನ್ನು ಮತ್ತೆ ಎಕ್ಸ್‌ಪೋರ್ಟ್‌ಗೆ ಹಾಕಿ. ಕುಂಟದೆ ಮುಗಿದರೆ ರೋಗ ಇದೇ. ಆಗ ಹಿಂದೆ ಒಂದು 120 ಮಿ.ಮೀ. ಫ್ಯಾನನ್ನು, ಗಾಳಿ ಹೊರಹೋಗುವಂತೆ ಕೂಡಿಸಿದರೆ ಸಾಕು. ಮುಂದಿನಿಂದ ಬಂದ ಗಾಳಿ ವಿಆರ್‌ಎಂ ಸವರಿಕೊಂಡೇ ಹೊರಗೆ ಹೋಗುತ್ತದೆ. ಆಗಲೂ ಕುಂಟಿದರೆ ಎಸ್‌ಎಸ್‌ಡಿ ತುಂಬಿದೆಯೇ, ಕಾಯುತ್ತಿದೆಯೇ ನೋಡಿಸಿ, ನನಗೆ ಇನ್ನೊಂದು ಪತ್ರ ಬರೆಯಿರಿ.

ಪ್ರಶ್ನೆ: ಗಣಿ ಲಾರಿಗಳ ರಸ್ತೆ ಬದಿಯ ಮನೆ. ವಾರಕ್ಕೇ ಕೆಂಪು ಧೂಳು. ಫ್ಯಾನ್ ಜಾಸ್ತಿ ಹಾಕಿಸಿದರೆ ಧೂಳೂ ಜಾಸ್ತಿ ಬರುವುದಿಲ್ಲವೇ?
— ವಿದ್ಯಾರ್ಥಿ, ಹೊಸಪೇಟೆ

ಉತ್ತರ: ಬರುವ ಧೂಳನ್ನು ತಡೆಯಲಾಗದು, ಯಾವ ಬಾಗಿಲಿನಿಂದ ಬರಬೇಕು ಎಂದು ಮಾತ್ರ ನಾವು ಹೇಳಬಹುದು. ಒಳಗೆ ತರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿರಲಿ. ಆಗ ಸಂದುಗೊಂದುಗಳಿಂದ ಗಾಳಿ ಹೊರಕ್ಕೇ ನುಗ್ಗುತ್ತದೆ, ಧೂಳು ಒಳಬರುವುದು ಫ್ಯಾನಿನ ಮುಂದಿನ ಜಾಲರಿಯ ಮೂಲಕ ಮಾತ್ರ. ಇದಕ್ಕೆ ಪಾಸಿಟಿವ್ ಪ್ರೆಶರ್ (ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಿರುವ ಸ್ಥಿತಿ) ಎನ್ನುತ್ತಾರೆ. ಜಾಲರಿಯನ್ನು ನಿಮ್ಮ ಊರಿನಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ರೇಡಿಯೇಟರಿನ ಧೂಳು ಹೊರಗಿನಿಂದ ಕಾಣುವುದಿಲ್ಲ. ಅದು ಫ್ಯಾನಿಗೂ ತಗಡಿನ ಮಡಿಕೆಗಳಿಗೂ ನಡುವೆ ಹೆಪ್ಪುಗಟ್ಟಿ ಕೂರುತ್ತದೆ. ವರ್ಷಕ್ಕೆರಡು ಸಲ, ಪ್ಲಗ್ ಕಿತ್ತು, ಫ್ಯಾನ್ ಬಿಚ್ಚಿ, ಮೃದುವಾದ ಬ್ರಶ್ಶಿನಿಂದ ತೆಗೆಯಿರಿ. ಬ್ಲೋವರ್ ಬಳಸುವುದಾದರೆ ಫ್ಯಾನಿನ ಅಲಗನ್ನು ಬೆರಳಿನಿಂದ ಹಿಡಿದುಕೊಳ್ಳಿ, ಬಿಟ್ಟರೆ ಅದು ವಿಪರೀತ ತಿರುಗಿ ಕೆಡುತ್ತದೆ. ಮತ್ತೆ ಕೂಡಿಸುವಾಗ ಸ್ಕ್ರೂಗಳ ಮೇಲೆ ಕಣ್ಣಿರಲಿ. ಸುಮಾರು 30 ಮಿ.ಮೀ. ಉದ್ದದವು ಫ್ಯಾನ್ ದಾಟಿ ರೇಡಿಯೇಟರಿಗೆ ಹೋಗುವಂಥವು, ಗಿಡ್ಡವು ರೇಡಿಯೇಟರನ್ನು ನೇರವಾಗಿ ಕ್ಯಾಬಿನೆಟ್ಟಿಗೆ ಬಿಗಿಯಲು. ಗಿಡ್ಡದರ ಜಾಗದಲ್ಲಿ ಉದ್ದದ್ದನ್ನು ತಿರುಗಿಸಿದರೆ ಅದರ ತುದಿ ನೀರಿನ ನಾಳಕ್ಕೇ ತೂತು ಹೊಡೆಯುತ್ತದೆ. ಬಿಗಿ ಎನಿಸಿದಲ್ಲಿ ಬಲ ಹಾಕಬೇಡಿ.

ಪ್ರಶ್ನೆ: ಬ್ರೌಸರ್ ತೆರೆದರೆ ಸಾಕು, ಫ್ಯಾನ್ ಭರ್ರೆಂದು ಏರಿ ಮತ್ತೆ ಇಳಿಯುತ್ತದೆ. ಇಡೀ ದಿನ ಇದೇ. ಕೆಟ್ಟಿದೆಯೇ?
— ಅನುವಾದಕಿ, ಮೈಸೂರು

ಉತ್ತರ: ಕೆಟ್ಟಿಲ್ಲ. ಆದರೆ ಬರೆಯುವ ಕೆಲಸದ ನಡುವೆ ಈ ಏರಿಳಿತ ಎಷ್ಟು ಕಿರಿಕಿರಿ ಎಂಬುದು ನನಗೆ ಅರ್ಥವಾಗುತ್ತದೆ. ಪುಟವೊಂದನ್ನು ತೆರೆದ ಕ್ಷಣ ಪ್ರೊಸೆಸರ್ 40ರಿಂದ 70 ಡಿಗ್ರಿಗೆ ಹಾರಿ ಮತ್ತೆ ಇಳಿಯುತ್ತದೆ. ಅಷ್ಟರಲ್ಲಿ ದ್ರವ ಒಂದು ಡಿಗ್ರಿಯೂ ಕದಲಿರುವುದಿಲ್ಲ, ಏಕೆಂದರೆ ನೀರು ಕಾಯುವುದು ನಿಧಾನ. ರೇಡಿಯೇಟರಿನ ಫ್ಯಾನು ಕೇಳಬೇಕಾದದ್ದು ದ್ರವದ ಮಾತನ್ನು. ನಿಮ್ಮಲ್ಲಿ ಅದು ಪ್ರೊಸೆಸರ್ ಮಾತು ಕೇಳಿ ಗಾಬರಿಯಾಗುತ್ತಿದೆ.

ಕೂಲರಿನ ಸಾಫ್ಟ್‌ವೇರಿನಲ್ಲಿ ದ್ರವದ ಉಷ್ಣತೆ ತೋರಿಸುತ್ತಿದ್ದರೆ ಫ್ಯಾನಿನ ವೇಗವನ್ನು ಅದಕ್ಕೇ ಜೋಡಿಸಿ. ಇಲ್ಲದಿದ್ದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವ ಮೊದಲೇ ಬರುವ ಮೂಲ ಸೆಟ್ಟಿಂಗ್ ಪರದೆ) ಪ್ರೊಸೆಸರ್ 65 ಡಿಗ್ರಿ ತಲುಪುವವರೆಗೆ ಫ್ಯಾನ್ ಶೇ. 40ರಲ್ಲೇ ಇರಲಿ, ಅಲ್ಲಿಂದ ಮೇಲೆ ನಿಧಾನವಾಗಿ ಏರಲಿ. ವೇಗ ಬದಲಿಸುವ ಮೊದಲು ಕೆಲವು ಸೆಕೆಂಡು ಕಾಯುವ ಸೌಲಭ್ಯವೂ ಅಲ್ಲೇ ಇರುತ್ತದೆ, ಅದನ್ನು ಹೆಚ್ಚಿಸಿ. ಪಂಪಿನ ವೇಗವನ್ನು ಮಾತ್ರ ಹೀಗೆ ಏರಿಸಿ ಇಳಿಸಬೇಡಿ, ಅದು ಒಂದೇ ಸಮನೆ ತಿರುಗುತ್ತಿರಲಿ.

ಪ್ರಶ್ನೆ: ಜಾಗ ಸಾಲದೆಂದು ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳದಲ್ಲಿ ಕೂಡಿಸಿದ್ದಾರೆ. ಪಂಪಿನಿಂದ ಗುಳುಗುಳು ಸದ್ದು. ಬೇರೆ ಕಂಪ್ಯೂಟರಿನಲ್ಲಿ ಆನ್ ಮಾಡಿದಾಗ "ಸಿಪಿಯು ಫ್ಯಾನ್ ಎರರ್" ಎಂದು ಬರುತ್ತದೆ. ಎರಡಕ್ಕೂ ಪರಿಹಾರ ತಿಳಿಸಿ.
— ಸೈಬರ್ ಸೆಂಟರ್ ನಡೆಸುವವರು, ತುಮಕೂರು

ಉತ್ತರ: ಎರಡೂ ಸರಿಪಡಿಸಬಹುದಾದವೇ. ಮೊದಲನೆಯದನ್ನು ಮಾತ್ರ ಮುಂದೂಡಬೇಡಿ. ಮುಚ್ಚಿದ ಕೂಲರಿನಲ್ಲೂ ಒಂದಿಷ್ಟು ಗಾಳಿಗುಳ್ಳೆ ಇದ್ದೇ ಇರುತ್ತದೆ, ವರ್ಷ ಕಳೆದಂತೆ ಹೆಚ್ಚುತ್ತದೆ. ಗುಳ್ಳೆ ಸೇರುವುದು ಎತ್ತರದ ಜಾಗಕ್ಕೆ. ರೇಡಿಯೇಟರ್ ತಳದಲ್ಲಿದ್ದರೆ ಎತ್ತರದ ಜಾಗ ಪಂಪೇ ಆಗುತ್ತದೆ. ದ್ರವದ ಬದಲು ಗಾಳಿ ಸಿಕ್ಕ ಪಂಪು ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರುವಂತೆ, ಮೇಲೆ ಅಥವಾ ಮುಂದೆ ಕೂಡಿಸಿ. ಮುಂದೆಯಾದರೆ ಕೊಳವೆಗಳು ಕೆಳಗಿನ ತುದಿಯಿಂದ ಹೊರಡುವಂತಿದ್ದರೆ ಒಳ್ಳೆಯದು. ಜಾಗ ಬದಲಿಸಿದ ಮೇಲೆ ಒಂದೆರಡು ದಿನ ಸಣ್ಣ ಸದ್ದು ಉಳಿದರೆ ಚಿಂತಿಸಬೇಡಿ, ಗುಳ್ಳೆ ಮೇಲೇರಲು ಅಷ್ಟು ಹೊತ್ತು ಬೇಕಾಗುತ್ತದೆ.

ಇನ್ನೊಂದರಲ್ಲಿ ಮದರ್‌ಬೋರ್ಡಿನ "ಸಿಪಿಯು ಫ್ಯಾನ್" ಎಂಬ ಪಿನ್ನಿಗೆ ಏನೂ ಸಿಕ್ಕಿಸಿಲ್ಲ. ಅಲ್ಲಿ ಏನಾದರೂ ತಿರುಗುತ್ತಿರುವುದು ಕಾಣದಿದ್ದರೆ ಬೋರ್ಡು ಎಚ್ಚರಿಸುತ್ತದೆ. ರೇಡಿಯೇಟರಿನ ಫ್ಯಾನುಗಳ ವೈರನ್ನು ಅಲ್ಲಿಗೆ, ಪಂಪಿನ ವೈರನ್ನು ಪಂಪಿನ ಪಿನ್ನಿಗೆ ಕೊಡಿ. ಒಂದೇ ಪಿನ್ನಿಗೆ ಸ್ಪ್ಲಿಟರ್ (ಒಂದನ್ನು ಹಲವಾಗಿ ಕವಲೊಡೆಸುವ ವೈರು) ಹಾಕಿ ಹಲವು ಫ್ಯಾನ್ ಜೋಡಿಸುವುದಾದರೆ ಪ್ರತಿ ಫ್ಯಾನಿನ ಮೇಲೆ ಬರೆದ ಆಂಪಿಯರ್ ಅಂಕಿಗಳನ್ನು ಕೂಡಿಸಿ ನೋಡಿ. ಸಾಮಾನ್ಯವಾಗಿ ಒಂದು ಪಿನ್ನಿನ ಮಿತಿ 1 ಆಂಪಿಯರ್. ಮೊತ್ತ ಅದನ್ನು ಮೀರಿದರೆ ನೇರವಾಗಿ ಎಸ್‌ಎಂಪಿಎಸ್‌ನಿಂದ ಕರೆಂಟ್ ಪಡೆಯುವ ಫ್ಯಾನ್ ಹಬ್ ಕೊಳ್ಳಿ.